ಮಡಚುವ ಸೈಕಲ್ಲಿನ ಹ್ಯಾಂಡಲ್‌ಗೆ ಭಾರ ಕಟ್ಟಿ ಇಳಿಜಾರಿಗೆ ಹೋಗಬೇಡಿ

ಮಡಚುವ ಸೈಕಲ್ಲಿಗೆ ಟೆಂಟು, ಹಾಸಿಗೆ ಕಟ್ಟಿಕೊಂಡು ಪ್ರವಾಸ ಹೊರಡುವ ಯೋಚನೆಯಲ್ಲಿರುವವರು ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾಲ್ಕು ದಿನಗಳ ಪ್ರವಾಸಕ್ಕೆಂದು ಹೊರಟಿದ್ದ ನಾನು ಎರಡನೆಯ ದಿನ ಮಧ್ಯಾಹ್ನ, ಉದ್ದನೆಯ ಒಂದು ಇಳಿಜಾರಿನಲ್ಲಿ, ಹ್ಯಾಂಡಲ್ ಕಂಬದ ಕೀಲು ಬಿಚ್ಚಿಕೊಂಡು ರಸ್ತೆಗೆ ಬಿದ್ದೆ. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆ ಹೊತ್ತಿನಲ್ಲಿ ಹಿಂದಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಬಂದಿದ್ದರೆ ಈ ಬರಹವನ್ನು ಬರೆಯಲು ನಾನು ಇರುತ್ತಿರಲಿಲ್ಲವೇನೋ. ಬೀಳಲು ಹಲವು ಕಾರಣಗಳಿದ್ದವು, ಒಂದು ತಪ್ಪು ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿತ್ತು, ಮತ್ತು ಅವುಗಳಲ್ಲಿ ಮೊದಲನೆಯದು ಮನೆಯಲ್ಲಿ ಸಾಮಾನು ಕಟ್ಟುವಾಗಲೇ ನಡೆದುಹೋಗಿತ್ತು.

ನನ್ನದು 20 ಇಂಚಿನ ಚಕ್ರಗಳ, ಅಲ್ಯೂಮಿನಿಯಂ ಚೌಕಟ್ಟಿನ, ರಿಮ್ ಬ್ರೇಕ್ (ಚಕ್ರದ ಅಂಚಿನ ಲೋಹದ ಬಳೆಯಾದ ರಿಮ್ಮನ್ನೇ ರಬ್ಬರಿನಿಂದ ಒತ್ತಿ ಹಿಡಿಯುವ ಬ್ರೇಕ್) ಇರುವ 12 ಕೆಜಿ ತೂಕದ ಸೈಕಲ್. ಅದರ ಕೈಪಿಡಿಯಲ್ಲಿ ಗರಿಷ್ಠ ಭಾರ 105 ಕೆಜಿ ಎಂದಿತ್ತು. ಅದು ಸವಾರನ ತೂಕದ ಮಿತಿ ಎಂದು ನಾನು ತಿಳಿದಿದ್ದೆ. ಮಾರಿದವರನ್ನು ಕೇಳಿದಾಗ ಅವರೂ ಸಾಮಾನಿನ ಚಿಂತೆ ಬೇಡವೆಂದೇ ಹೇಳಿದ್ದರು. ವಾಸ್ತವದಲ್ಲಿ ಆ ಅಂಕಿ ಸವಾರ ಮತ್ತು ಸಾಮಾನು ಎರಡನ್ನೂ ಸೇರಿಸಿದ್ದು, ಮತ್ತು ಹಿಂದಿನ ಕ್ಯಾರಿಯರ್‌ಗೆ 10 ಕೆಜಿಯ ಪ್ರತ್ಯೇಕ ಮಿತಿ ಇತ್ತು. ನನ್ನ ತೂಕ 84 ಕೆಜಿ, ಸಾಮಾನು 23 ಕೆಜಿ, ಜೊತೆಗೆ 4 ಲೀಟರ್ ನೀರು. ಒಟ್ಟು 111 ಕೆಜಿ. ಹಗುರ ಪ್ರವಾಸವೆಂದು ಹೆಸರಿಟ್ಟುಕೊಂಡು ಹೊರಟಿದ್ದರೂ ಒಂದೊಂದು ವಸ್ತುವನ್ನೂ ತಕ್ಕಡಿಯ ಮೇಲಿಟ್ಟು ನೋಡಿರಲಿಲ್ಲ. ದಯವಿಟ್ಟು ನೀವು ನೋಡಿ, ನೀರನ್ನೂ ಸೇರಿಸಿ ನೋಡಿ.

ಹೊರಟು ಅರ್ಧ ಗಂಟೆಯೊಳಗೆ ಮೊದಲ ತೊಂದರೆ ಕಾಣಿಸಿತು. ಮಡಚುವ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚಿಗೂ ಹಿಂದಿನ ಚಕ್ರದ ಅಚ್ಚಿಗೂ ನಡುವಣ ಅಂತರ ಸಾಮಾನ್ಯವಾಗಿ ಕಡಿಮೆ ಇರುವುದರಿಂದ, ಕ್ಯಾರಿಯರ್‌ನ ಎರಡೂ ಬದಿಗೆ ಇಳಿಬಿಟ್ಟ ಚೀಲಗಳಿಗೆ ಪ್ರತಿ ತುಳಿತಕ್ಕೂ ಹಿಮ್ಮಡಿ ತಾಗುತ್ತಿತ್ತು. ಚೀಲಗಳನ್ನು ಹಿಂದಕ್ಕೆ ಸರಿಸಿ ಕಟ್ಟಿದೆ. ಆಗ ಭಾರವೆಲ್ಲ ಹಿಂದಿನ ಅಚ್ಚಿನ ಆಚೆಗೆ ಹೋಗಿ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೊರಳತೊಡಗಿತು. ಅದನ್ನು ಸರಿಪಡಿಸಲು, ಸ್ಟೌ ಮತ್ತು ಅಡುಗೆ ಸಾಮಾನು ಇದ್ದ ಸುಮಾರು 5 ಕೆಜಿಯ ಚೀಲವನ್ನು ಹ್ಯಾಂಡಲ್‌ಗೆ ಕಟ್ಟಿದೆ. ಸೈಕಲ್ ತಕ್ಷಣ ನೆಟ್ಟಗೆ ಓಡತೊಡಗಿದ್ದರಿಂದ ಅದೇ ಸರಿಯಾದ ಪರಿಹಾರವೆಂದು ನಂಬಿದೆ. ನನ್ನ ತಪ್ಪುಗಳಲ್ಲೆಲ್ಲ ಇದು ಅತ್ಯಂತ ದೊಡ್ಡದು.

ಸಾಧಾರಣ ಸೈಕಲ್ಲಿನಲ್ಲಿ ಹ್ಯಾಂಡಲನ್ನು ಹಿಡಿದಿಡುವ ಭಾಗ ಗಿಡ್ಡವಾಗಿರುತ್ತದೆ, ಅದರಲ್ಲಿ ಕೀಲು ಇರುವುದಿಲ್ಲ. ಮಡಚುವ ಸೈಕಲ್ಲಿನಲ್ಲಿ ಚಕ್ರ ಚಿಕ್ಕದಾದ್ದರಿಂದ ಹ್ಯಾಂಡಲ್ಲು ಕೈಗೆ ಎಟುಕುವಷ್ಟು ಎತ್ತರದಲ್ಲಿ ಇರಬೇಕಾದರೆ ಉದ್ದನೆಯ ಕಂಬ ಬೇಕಾಗುತ್ತದೆ, ಆ ಕಂಬದ ಬುಡದಲ್ಲೇ ಮಡಚುವ ಕೀಲೂ ಅದನ್ನು ಬಿಗಿಹಿಡಿಯುವ ಚಿಲಕವೂ ಇರುತ್ತವೆ. ಕಂಬದ ತುದಿಯಲ್ಲಿ ಬೀಳುವ ಬಲ ಹಾರೆಯನ್ನು ಮೀಟಿದಂತೆ ಬುಡದಲ್ಲಿ ಹಲವು ಪಟ್ಟಾಗುತ್ತದೆ. ಇದಲ್ಲದೆ ಚಿಕ್ಕ ಚಕ್ರವು ರಸ್ತೆಯ ಗುಂಡಿಯೊಳಗೆ ದೊಡ್ಡ ಚಕ್ರಕ್ಕಿಂತ ಆಳವಾಗಿ ಇಳಿಯುತ್ತದೆ, ಆದ್ದರಿಂದ ಕುಲುಕು ಹೆಚ್ಚು. ನಿಂತಾಗ 5 ಕೆಜಿ ಇರುವ ಚೀಲ ಪ್ರತಿ ಕುಲುಕಿಗೂ ಅದಕ್ಕಿಂತ ಎಷ್ಟೋ ಹೆಚ್ಚಿನ ಬಲದಿಂದ ಆ ಒಂದು ಚಿಲಕವನ್ನು ಜಗ್ಗುತ್ತಿರುತ್ತದೆ. ಮುಂದೆ ಭಾರ ಇಡಲೇಬೇಕಾದರೆ ಚೌಕಟ್ಟಿನ ಮುಂಭಾಗದ ಕೊಳವೆಗೇ ಬೋಲ್ಟ್ ಹಾಕಿ ಕೂರಿಸುವ ಚೀಲದ ಹಿಡಿಕೆಗಳಿವೆ. ಅದರಲ್ಲಿ ಭಾರ ಚೌಕಟ್ಟಿನ ಮೇಲೆ ಕೂರುತ್ತದೆ, ಹ್ಯಾಂಡಲ್ ಜೊತೆ ತಿರುಗುವುದೂ ಇಲ್ಲ.

ಆ ರಾತ್ರಿ ಕಳ್ಳರ ಭಯದಿಂದ ಸೈಕಲ್ಲನ್ನು ಮಡಚಿ ಟೆಂಟಿನೊಳಗೆ, ನನ್ನ ಪಕ್ಕದಲ್ಲೇ ಮಲಗಿಸಿದೆ. ಮಡಚುವ ಸೈಕಲ್ಲಿನ ದೊಡ್ಡ ಅನುಕೂಲವೆಂದು ಎಲ್ಲರೂ ಹೇಳುವುದು ಇದನ್ನೇ. ನೆಲ ಮರಳುಮಿಶ್ರಿತವಾಗಿತ್ತು. ಬೆಳಿಗ್ಗೆ ಹ್ಯಾಂಡಲ್ ಕಂಬವನ್ನು ಎತ್ತಿ ನಿಲ್ಲಿಸಿ ಚಿಲಕ ಹಾಕುವಾಗ ಅದು ಎಂದಿಗಿಂತ ಬಿಗಿಯಾಗಿ ಕೂತಿತು, ಬಿಗಿಯಾಗಿದ್ದರೆ ಒಳ್ಳೆಯದೇ ಎಂದುಕೊಂಡೆ. ಕೀಲಿನ ಎರಡು ಮುಖಗಳ ನಡುವೆ ಮರಳಿನ ಕಾಳುಗಳು ಸಿಕ್ಕಿಕೊಂಡಿದ್ದರಿಂದ ಆ ಬಿಗಿ ಬಂದಿತ್ತು ಎಂಬುದು ಆಮೇಲೆ ತಿಳಿಯಿತು. ಕಾಳುಗಳು ಓಟದ ಅದುರುವಿಕೆಗೆ ಪುಡಿಯಾಗಿ ಉದುರಿದಂತೆಲ್ಲ ಚಿಲಕದ ಹಿಡಿತ ಸಡಿಲವಾಗುತ್ತ ಹೋಗಿತ್ತು. ಚಿಲಕ ತಾನಾಗಿ ತೆರೆದುಕೊಳ್ಳದಂತೆ ತಡೆಯುವ ಚಿಕ್ಕ ಕೊಂಡಿಯಲ್ಲೂ ಮಣ್ಣು ತುಂಬಿ, ಅದು ಪೂರ್ತಿ ಕೂತಿರಲಿಲ್ಲ. ಬೆಳಗಿನ ಹತ್ತು ಗಂಟೆಯಿಂದಲೇ ಬ್ರೇಕ್ ಹಿಡಿದಾಗಲೆಲ್ಲ ಕೈಗೆ ಟಕ್ಕೆಂಬ ಸಣ್ಣ ಸದ್ದು ತಾಗುತ್ತಿತ್ತು. ಅಡುಗೆ ಪಾತ್ರೆಯ ಸದ್ದಿರಬೇಕೆಂದು ಮುಂದೆ ಸಾಗಿದೆ. ಆ ಸದ್ದು ಕೇಳಿದ ಜಾಗದಲ್ಲೇ ಇಳಿಯಬೇಕಿತ್ತು: ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಕೀಲಿನ ಸಂದಿನ ಮೇಲಿಟ್ಟು, ಸೈಕಲ್ಲನ್ನು ಹಿಂದೆ ಮುಂದೆ ದೂಡಿ ನೋಡಿದ್ದರೆ ಆ ಅಲುಗಾಟ ಬೆರಳಿಗೆ ಸಿಕ್ಕಿಬಿಡುತ್ತಿತ್ತು.

ಇಳಿಜಾರು 9 ಕಿಲೋಮೀಟರ್ ಉದ್ದ, ಒಟ್ಟು ಇಳಿತ ಸುಮಾರು 450 ಮೀಟರ್. ಸೈಕಲ್ಲೂ ಸೇರಿ 123 ಕೆಜಿ ತೂಕ ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ 5 ಲಕ್ಷ 40 ಸಾವಿರ ಜೂಲ್‌ಗಳಷ್ಟು. ತಣ್ಣಗಿರುವ ಒಂದೂವರೆ ಲೀಟರ್ ನೀರನ್ನು ಕುದಿಸಲು ಅಷ್ಟು ಸಾಕು. ವೇಗವಾಗಿ ಇಳಿಯುವವನಿಗೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ಕಳೆಯುತ್ತದೆ. ನಾನು ಹೆದರಿಕೆಯಿಂದ ಬ್ರೇಕನ್ನು ಬಿಡದೆ ಹಿಡಿದು ನಿಧಾನವಾಗಿ ಇಳಿಯುತ್ತಿದ್ದೆನಾದ್ದರಿಂದ ಬಹುಪಾಲು ಶಾಖ ರಿಮ್‌ಗಳಿಗೇ ಹೋಯಿತು. ನನ್ನ ಚಕ್ರದ ರಿಮ್‌ನ ಸುತ್ತಳತೆ ಸಾಮಾನ್ಯ ರಸ್ತೆ ಸೈಕಲ್ಲಿನ ರಿಮ್‌ಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಶಾಖ ಹೀರಲು ಲೋಹವೂ, ಅದನ್ನು ಗಾಳಿಗೆ ಬಿಡಲು ಮೈಯೂ ಅಷ್ಟೇ ಕಡಿಮೆ. ಆರನೆಯ ಕಿಲೋಮೀಟರಿನ ಬಳಿ ಸುಟ್ಟ ರಬ್ಬರಿನ ವಾಸನೆ ಬಂತು. ನಿಲ್ಲಬೇಕೆಂದು ಬ್ರೇಕನ್ನು ಇನ್ನಷ್ಟು ಒತ್ತಿದೆ. ಮುಂದಿನ ಟ್ಯೂಬ್ ಸಿಡಿಯಿತು, ಚಕ್ರ ಪಕ್ಕಕ್ಕೆ ಎಳೆಯಿತು, ಆ ಎಳೆತಕ್ಕೆ ಚಿಲಕ ಹಾರಿ ಹ್ಯಾಂಡಲ್ ಕಂಬ ನನ್ನ ಕೈಯಲ್ಲೇ ಮಡಚಿಕೊಂಡಿತು. ಟ್ಯೂಬ್ ಸಿಡಿದದ್ದಷ್ಟೇ ಆಗಿದ್ದರೆ, ಆ ನಿಧಾನದ ವೇಗದಲ್ಲಿ, ಕಾಲೂರಿ ನಿಲ್ಲಲು ಸಾಧ್ಯವಿತ್ತು ಎಂದು ಈಗಲೂ ನಂಬಿದ್ದೇನೆ.

ಆಮೇಲೆ ಟೈರ್ ಬಿಚ್ಚಿ ನೋಡಿದಾಗ, ಸ್ಪೋಕುಗಳ ರಂಧ್ರಗಳನ್ನು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ ಶಾಖಕ್ಕೆ ಮೆತ್ತಗಾಗಿ ಕುಸಿದಿತ್ತು, ಟ್ಯೂಬ್ ಒಂದು ರಂಧ್ರದೊಳಗೆ ಉಬ್ಬಿ ಅಲ್ಲಿಯೇ ಹರಿದಿತ್ತು. ಶಾಖ ತಾಳುವ ಬಟ್ಟೆಯ ಪಟ್ಟಿ ಸಿಗುತ್ತದೆ. ಗುಡ್ಡಗಾಡಿಗೆ ಹೋಗುವವರು ಅದನ್ನೇ ಹಾಕಿಸಬೇಕು. ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ, ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದು ಬಿಡುತ್ತ, ಎರಡೂ ಚಕ್ರಗಳಿಗೆ ಕೆಲಸ ಹಂಚಬೇಕು. ನಡುನಡುವೆ ನಿಂತು ರಿಮ್ ಆರಲು ಬಿಡಬೇಕು. ನಿಂತಾಗ ರಿಮ್‌ನ ಹತ್ತಿರ ಕೈ ಒಯ್ದರೆ ಕಾವು ತಿಳಿಯುತ್ತದೆ, ಮುಟ್ಟಬೇಡಿ.

ಬದಲಿ ಟೈರಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಮೊದಲ ದಿನವೇ ಹಿಂದಿನ ಟೈರಿನ ಪಕ್ಕೆ ಕಲ್ಲಿಗೆ ಸೀಳಿದಾಗ ನಾನು ಹೊತ್ತು ತಂದಿದ್ದ ಬದಲಿ ಟೈರ್ ಕೆಲಸಕ್ಕೆ ಬರಲಿಲ್ಲ. 20 ಇಂಚು ಎಂಬ ಒಂದೇ ಹೆಸರಿನಲ್ಲಿ 406 ಮಿಲಿಮೀಟರ್ ಮತ್ತು 451 ಮಿಲಿಮೀಟರ್ ಎಂಬ ಎರಡು ಅಳತೆಗಳಿವೆ, ಒಂದರ ಟೈರ್ ಇನ್ನೊಂದರ ರಿಮ್‌ಗೆ ಕೂರುವುದಿಲ್ಲ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಮೂರಂಕಿಯ ಸಂಖ್ಯೆಯನ್ನು ನೋಡಿಯೇ ಕೊಳ್ಳಿ.

ಕೈಗೆ ಹಾಕಿದ್ದ ಪಟ್ಟಿಯನ್ನು ಆರು ವಾರಗಳ ನಂತರ ಬಿಚ್ಚಿದ ಮೇಲೆ ಸೈಕಲ್ಲನ್ನು ತೊಳೆದು ಕೀಲನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಿದೆ. ಕಂಬದ ಬುಡದಲ್ಲಿ, ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳ್ಳಗಿನ ಸುಮಾರು ಎರಡು ಸೆಂಟಿಮೀಟರ್ ಉದ್ದದ ಗೆರೆ ಇತ್ತು. ಎಷ್ಟು ಉಜ್ಜಿದರೂ ಹೋಗದಷ್ಟು ಆಳಕ್ಕೆ ಅದರೊಳಗೆ ಕಪ್ಪು ಕೊಳೆ ಇಳಿದಿತ್ತು. ಬೀಳುವಾಗ ಆದ ಬಿರುಕಾಗಿದ್ದರೆ ಒಳಗಿನ ಲೋಹ ಹೊಳೆಯುತ್ತಿರಬೇಕಿತ್ತು. ಇದು ಅದಕ್ಕೂ ಮುಂಚಿನದು. ಅಂಥ ಗೆರೆಗೆ ಮತ್ತೆ ಬೆಸುಗೆ ಹಾಕಿಸುವುದು ಪರಿಹಾರವಲ್ಲ, ಏಕೆಂದರೆ ಕಾಯಿಸಿ ಹದಗೊಳಿಸಿದ ಅಲ್ಯೂಮಿನಿಯಂ ಮತ್ತೊಮ್ಮೆ ಬೆಸುಗೆಯ ಶಾಖ ಕಂಡರೆ ಆ ಜಾಗದಲ್ಲಿ ತನ್ನ ಬಲ ಕಳೆದುಕೊಳ್ಳುತ್ತದೆ. ಇನ್ನೊಬ್ಬರ ಕೈಗೆ ಸಿಗಬಾರದೆಂದು ಆ ಕಂಬವನ್ನು ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ.