ವಿಆರ್ ಹೆಡ್‌ಸೆಟ್ಟೋ, ಮನಸ್ಥಿತಿಯ ಡೈರಿಯೋ?

ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಒಮ್ಮೆ ಕುಗ್ಗುವ ಕಾಯಿಲೆ) ಇರುವವರು ತಮ್ಮನ್ನು ತಾವೇ ಗಮನಿಸಿಕೊಳ್ಳಲು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಜಾಗದಲ್ಲಿದ್ದಂತೆ ತೋರಿಸುವ ಸಾಧನ), ಮನಸ್ಥಿತಿಯ ಡೈರಿ, ಇವೆರಡರಲ್ಲಿ ಯಾವುದು ವಾಸಿ ಎಂದು ಶಿರಸಿ ಕಡೆಯವರು ಕೇಳಿದರೆ, ನನ್ನ ಓಟು ಡೈರಿಗೇ. ಮೊಬೈಲ್ ಆ್ಯಪ್ ಆದರೂ ಸರಿ. ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗ ಕಾಗದ ಕೈಕೊಡುವುದಿಲ್ಲ. ಮಲಗಿದ್ದು, ಎದ್ದದ್ದು, ಮಾತ್ರೆ, ಮನಸ್ಸಿನ ಏರಿಳಿತ: ದಿನಕ್ಕೆ ಇಷ್ಟು ಬರೆದರೆ ಸಾಕು. "ಮೂರು ತಾಸು ನಿದ್ದೆ, ದಣಿವೇ ಇಲ್ಲ, ರಾತ್ರಿಯೆಲ್ಲ ಹೋಮ್‌ಸ್ಟೇ ಪ್ಲಾನು" ಎಂಬಂಥ ಸಾಲು ಮರುದಿನವೂ ಬಂತೆಂದರೆ ಅದು ಉನ್ಮಾದದ, ಅಂದರೆ ಮನಸ್ಸು ಮಿತಿಮೀರಿ ಏರುವ ಹಂತದ, ಮುನ್ಸೂಚನೆ ಇರಬಹುದು. ಆಗಲೇ ವೈದ್ಯರಿಗೆ ಫೋನ್ ಮಾಡಬೇಕು.

ವಿಆರ್‌ನ ಬಲ ಅಭ್ಯಾಸದಲ್ಲಿದೆ. ಮಾರಿಕಾಂಬಾ ಜಾತ್ರೆಯ ಪೇಟೆಯಂಥ ಗದ್ದಲದಲ್ಲಿ ಖರ್ಚಿಗೆ ಕೈ ಬಿಗಿಹಿಡಿದು ಹೊರಬರುವುದನ್ನು ಒಂದು ರೂಪಾಯಿ ಕಳೆಯದೆ ಕಲಿಯಬಹುದು, ಡೈರಿಯಿಂದ ಅದಾಗದು. ಉಸಿರಾಟಕ್ಕೆಂದು ತೋರಿಸುವ ಕಡಲತೀರವೂ ಚಂದವೇ. (ಕಾರವಾರದವರಿಗೆ ಟ್ಯಾಗೋರ್ ಬೀಚು ಪುಕ್ಕಟೆ ಇದೆಯಲ್ಲ!) ಆದರೆ ಬೆಲೆ ಜಾಸ್ತಿ, ಕೆಲವರಿಗೆ ತಲೆಸುತ್ತು. ರಾತ್ರಿ ಹೊತ್ತಂತೂ ಬೇಡ, ನಿದ್ದೆ ಕೆಟ್ಟರೆ ಕಾಯಿಲೆ ಕೆರಳುತ್ತದೆ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಮಾತು. ಕರಾವಳಿಯ ಬೇಸಗೆಯಲ್ಲಿ ಬೆವರಿ ನೀರಿನಂಶ ಇಳಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅದನ್ನು ಹೆಡ್‌ಸೆಟ್ಟೂ ಹೇಳದು, ಡೈರಿಯೂ ಹೇಳದು, ರಕ್ತಪರೀಕ್ಷೆಯೇ ಆಗಬೇಕು. ವೈದ್ಯರು ತಕ್ಷಣ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.