ಟ್ಯೂಷನ್‌ಗೆ ಮುಂಚೆ: ಪಫ್ಫಾ, ನೂಡಲ್ಸಾ, ಅವಲಕ್ಕಿನಾ?

ಹತ್ತನೇ ಕ್ಲಾಸಿನ ಮಗನಿಗೆ ಸಂಜೆ ಏನು ಕೊಡಲಿ ಅಂತ ಕೇಳಿದ್ದೀರಿ. ಬೇಕರಿ ಪಫ್ ಆದರೆ ದಾರಿಯಲ್ಲೇ ತಿಂದು ಮುಗಿಸಬಹುದು, ಆದರೆ ಬರೀ ಮೈದಾ, ಕೊಬ್ಬು. ಎಗ್ ಪಫ್ ಆದರೆ ಒಳಗೆ ಅರ್ಧ ಮೊಟ್ಟೆಯಾದರೂ ಸಿಗುತ್ತೆ.

ನೀವು ಮನೆಯಲ್ಲಿಲ್ಲದ ದಿನ ನೂಡಲ್ಸೇ ಸರಿ, ಅವನೇ ಮಾಡಿಕೊಳ್ಳುತ್ತಾನೆ. ಮಸಾಲೆ ಪೊಟ್ಟಣದಲ್ಲಿ ಉಪ್ಪು ಜಾಸ್ತಿ, ಅರ್ಧ ಮಾತ್ರ ಹಾಕೋಕೆ ಹೇಳಿ.

ಖರ್ಚು, ಹಸಿವು ಎರಡೂ ನೋಡಿದರೆ ಅವಲಕ್ಕಿ. ಒಗ್ಗರಣೆಗೆ ಒಂದು ಹಿಡಿ ಕಡ್ಲೆಕಾಯಿ ಬೀಜ ಹಾಕಿ, 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತೆ, ಟ್ಯೂಷನ್ ಮುಗಿಯೋವರೆಗೂ ಹೊಟ್ಟೆ ತಡೆಯುತ್ತೆ. ತೊಂದರೆ ಒಂದೇ. ನನ್ನ ಮಗಳು ಮೂರನೇ ದಿನವೇ ಡಬ್ಬಿ ತೆರೆದು "ಅಮ್ಮಾ, ಮತ್ತೆ ಇದೇನಾ?" ಅಂದಳು. ಗೆಳೆಯರು ಜೊತೆಗಿರುವ ಶನಿವಾರ ಪಫ್‌ಗೆ ಕಾಸು ಕೊಟ್ಟುಬಿಡಿ, ಸುಮ್ನೆ ಜಗಳ ಯಾಕೆ ಅಲ್ವಾ?