ಅಳತೆ ನೋಡಿ ಜೋಡಿಸಿದ ವೀರೇಂದ್ರ ಪಾಟೀಲರು: ಕಲಬುರಗಿಯ ಒಂದು ಬೈಂಡಿಂಗ್ ಅಂಗಡಿಯ ಬಗ್ಗೆ

ಚಿಂಚೋಳಿ ತಾಲ್ಲೂಕಿನ ಶಾಲೆಗಳಲ್ಲಿ ಮಾಸ್ತರಾಗಿದ್ದ ನಮ್ಮ ತಂದೆಯವರು 1968ರಿಂದ 1997ರವರೆಗೆ ವೀರೇಂದ್ರ ಪಾಟೀಲರ ಕುರಿತು ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ, ಅಂಚಿನಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆದು, ತಗಡಿನ ಟ್ರಂಕಿನಲ್ಲಿ ಇಟ್ಟಿದ್ದರು. ತಮ್ಮ ತಾಲ್ಲೂಕಿನವರೊಬ್ಬರು ಎರಡು ಸಲ ಮುಖ್ಯಮಂತ್ರಿಯಾದರೆಂಬ ಅಭಿಮಾನವೇ ಅದಕ್ಕೆ ಕಾರಣವಾಗಿತ್ತು. ತಂದೆಯವರು ತೀರಿಕೊಂಡ ಮೇಲೆ ಎಣಿಸಿದಾಗ 212 ತುಣುಕುಗಳು ಸಿಕ್ಕವು. ಅವನ್ನು ಎರಡು ಸಂಪುಟ ಮಾಡಿಸಲೆಂದು ಸೂಪರ್ ಮಾರ್ಕೆಟ್ ಬಳಿಯ ಓಣಿಯಲ್ಲಿರುವ ಒಂದು ಬೈಂಡಿಂಗ್ ಅಂಗಡಿಗೆ ಕೊಟ್ಟೆ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬರೆಯುವುದಿಲ್ಲ.

ಎರಡೂ ಸಂಪುಟಗಳಿಗೆ ಸೇರಿ 1,400 ರೂಪಾಯಿ ಮಾತಾಯಿತು. ಎಂಟು ದಿನ ಎಂದವರು ಹನ್ನೊಂದು ದಿನ ತೆಗೆದುಕೊಂಡರು. ಈ ಊರಿನಲ್ಲಿ ಅದನ್ನು ತಡ ಎನ್ನುವಂತಿಲ್ಲ.

ಕೈಕೆಲಸ ನಿಜಕ್ಕೂ ಚೆನ್ನಾಗಿದೆ. ಈಗಿನ ಅಂಗಡಿಗಳಲ್ಲಿ ಬೆನ್ನಿಗೆ ಬಿಸಿ ಅಂಟು ಸುರಿದು ಕೈತೊಳೆದುಕೊಳ್ಳುವುದೇ ಹೆಚ್ಚು. ಇಲ್ಲಿ ಹಿರಿಯ ಕೆಲಸಗಾರರೊಬ್ಬರು ಹಾಳೆಗಳನ್ನು ಕಟ್ಟುಕಟ್ಟಾಗಿ ಮಡಿಸಿ, ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರದಲ್ಲಿ ಕೈಯಿಂದಲೇ ಹೊಲಿದಿದ್ದಾರೆ. ಆದ್ದರಿಂದ ಪುಸ್ತಕವನ್ನು ಯಾವ ಪುಟದಲ್ಲಿ ತೆರೆದರೂ ಅದು ಮೇಜಿನ ಮೇಲೆ ಸಪಾಟಾಗಿ ಕೂರುತ್ತದೆ. ಮೈದಾ ಅಂಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಬೆರೆಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ತುಣುಕಿನ ಎಡ ಅಂಚಿಗೆ ಮಾತ್ರ ಅಂಟು ಸವರಿದ್ದರಿಂದ ಅದನ್ನು ಎತ್ತಿ ಹಿಂಬದಿಯನ್ನೂ ಓದಬಹುದು. ಇದು ಎಷ್ಟು ದೊಡ್ಡ ಉಪಕಾರವೆಂಬುದು ನನಗೆ ಆಮೇಲೆ ತಿಳಿಯಿತು.

ತೊಂದರೆ ಇದ್ದದ್ದು ಜೋಡಣೆಯಲ್ಲಿ. ತಾರೀಖಿನ ಪ್ರಕಾರ ನಾನು ಜೋಡಿಸಿ ಕೊಟ್ಟಿದ್ದ ಕಟ್ಟನ್ನು ಬಿಚ್ಚಿ, ತುಣುಕುಗಳನ್ನು ಅಳತೆಯ ಪ್ರಕಾರ, ದೊಡ್ಡವು ಮೊದಲು ಸಣ್ಣವು ಆಮೇಲೆ ಎಂದು, ಹೊಸದಾಗಿ ಜೋಡಿಸಿದ್ದರು. ಕೇಳಿದರೆ ಮಾಲೀಕರು, "ಸೈಜ್ ಪ್ರಕಾರ ಹಚ್ಚಿದ್ರ ಬುಕ್ ಚಂದ ಕುಂದ್ರತದ್ರಿ ಸರ್" ಎಂದು ಸಮಾಧಾನದಿಂದಲೇ ಹೇಳಿದರು. ಪುಸ್ತಕ ಚಂದವಾಗಿಯೇ ಕೂತಿತ್ತು, ಆದರೆ ಪಾಟೀಲರ ಬದುಕು ತಲೆಕೆಳಗಾಗಿತ್ತು. 1968ರ ಮೇ 29ರ ಪ್ರಮಾಣವಚನದ ಎದುರು ಪುಟದಲ್ಲೇ 1990ರ ಅಕ್ಟೋಬರಿನ ಪದಚ್ಯುತಿ ಇತ್ತು. ಎರಡೂ ಮುಖಪುಟದ ಸುದ್ದಿಗಳು, ಎರಡೂ ಒಂದೇ ಅಳತೆಯವು.

ಬೇರೆ ಯಾವುದಾದರೂ ರಾಜಕಾರಣಿಯ ವಿಷಯದಲ್ಲಾಗಿದ್ದರೆ ನಾನು ಇಷ್ಟು ತಕರಾರು ಮಾಡುತ್ತಿರಲಿಲ್ಲವೇನೋ. ವೀರೇಂದ್ರ ಪಾಟೀಲರ ವಿಷಯದಲ್ಲಿ ಮಾತ್ರ ಕ್ರಮ ತಪ್ಪಿದರೆ ಮನುಷ್ಯನೇ ಬೇರೆಯಾಗುತ್ತಾನೆ. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದಾಗ ಅವರ ಜಾಗಕ್ಕೆ ಬಂದವರು ಪಾಟೀಲರು. 1969ರಲ್ಲಿ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಕಡೆಗೆ ಹೋಗದೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದವರು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಅವರ ಪಾಲಾದ ಬೆನ್ನಿಗೇ, ಮಾರ್ಚ್ 18ರಂದು ಅಧಿಕಾರ ಕಳೆದುಕೊಂಡವರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರು ಜನತಾ ಪಕ್ಷದಿಂದ ಅದೇ ಇಂದಿರಾ ಅವರ ಎದುರು ನಿಂತು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಎರಡು ವರ್ಷವೂ ಕಳೆಯುವ ಮೊದಲೇ ಅವರದೇ ಪಕ್ಷ ಸೇರಿ, 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು, ಅವರದೇ ಸಂಪುಟದಲ್ಲಿ ಮಂತ್ರಿಯಾದರು. ಈ ಕೊನೆಯ ಮಾತನ್ನು ಮೊದಲು ಓದಿಸಿ ಚಿಕ್ಕಮಗಳೂರನ್ನು ಆಮೇಲೆ ಓದಿಸಿದರೆ ಅದು ಬಂಡಾಯದಂತೆ ಕಾಣುತ್ತದೆ. ಇದ್ದಂತೆ ಓದಿಸಿದರೆ ರಾಜಿಯಂತೆ. ನಮ್ಮ ತಂದೆಯವರಿಗೆ ಅದು ರಾಜಿಯೆಂದು ಗೊತ್ತಿತ್ತು, ಆದರೂ ಕತ್ತರಿಸುವುದನ್ನು ಅವರು ನಿಲ್ಲಿಸಲಿಲ್ಲ.

ಎರಡನೆಯ ಸಂಪುಟದ ತಿರುಳು ಆ ಹತ್ತೂವರೆ ತಿಂಗಳು. 1989ರಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದು, ಚಿಂಚೋಳಿಯ ಶಾಸಕರು ಹದಿನೆಂಟು ವರ್ಷಗಳ ನಂತರ ನವೆಂಬರ್ 30ರಂದು ಮತ್ತೆ ಮುಖ್ಯಮಂತ್ರಿಯಾದರು. ಮರುವರ್ಷ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾಗ ರಾಜ್ಯದಲ್ಲಿ ಕೋಮುಗಲಭೆಗಳಾದವು. ಬೆಂಗಳೂರಿಗೆ ಬಂದು ಅವರನ್ನು ನೋಡಿ ಹೊರಟ ರಾಜೀವ್ ಗಾಂಧಿಯವರು ನಾಯಕತ್ವ ಬದಲಾವಣೆಯನ್ನು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ ತಿಳಿಸಿದರು. ಅಕ್ಟೋಬರ್ 10ರಿಂದ ಒಂದು ವಾರ ರಾಷ್ಟ್ರಪತಿ ಆಳ್ವಿಕೆ, ಆಮೇಲೆ ಬಂಗಾರಪ್ಪನವರು. ಈ ಭಾಗದ ಹಿರಿಯರು ಆ ವಿಮಾನ ನಿಲ್ದಾಣದ ಮಾತನ್ನು ಇಂದಿಗೂ ತಮ್ಮ ಮನೆಯ ಅವಮಾನವೆಂಬಂತೆ ನೆನೆಯುತ್ತಾರೆ. ಇಂಥ ಒಂದು ವಾರದ ಹದಿನಾಲ್ಕು ತುಣುಕುಗಳನ್ನು ಆ ಅಂಗಡಿಯವರು ಎರಡೂ ಸಂಪುಟಗಳಿಗೆ ಹಂಚಿಬಿಟ್ಟಿದ್ದರು.

ಜಗಳವಿಲ್ಲದೆ ಮಾಲೀಕರು ಹೊಲಿಗೆ ಬಿಚ್ಚಿಸಿ, ಕಾಸು ಕೇಳದೆ, ಮತ್ತೆ ಜೋಡಿಸಿಕೊಟ್ಟರು. ಬೆನ್ನಿನ ಮೇಲೆ ಬಂಗಾರದ ಅಕ್ಷರಗಳಲ್ಲಿ 'ವಿರೇಂದ್ರ' ಎಂದಿದ್ದದ್ದಕ್ಕೆ ದೀರ್ಘವನ್ನೂ ಕೊಟ್ಟರು. ಸರಿಪಡಿಸಲಾಗದ ತಪ್ಪು ಬೇರೆಯದೇ ಇತ್ತು: ಅಂಟಿಸುವ ಮೊದಲು ಅಂಚುಗಳನ್ನು ನೆಟ್ಟಗೆ ಮಾಡಲೆಂದು ಕಟಿಂಗ್ ಮಷಿನ್ನಿಗೆ ಕೊಟ್ಟಾಗ 43 ತುಣುಕುಗಳ ತಾರೀಖು ಅಂಚಿನ ಜೊತೆಗೇ ಹೋಗಿತ್ತು. ಇಲ್ಲಿಯೇ ಆ ಎಡ ಅಂಚಿನ ಅಂಟು ನನ್ನನ್ನು ಕಾಪಾಡಿತು. ಪಾಟೀಲರು ಯಾವುದೋ ಸಭೆಯಲ್ಲಿ ನಿಂತು ಮಾತನಾಡುತ್ತಿರುವ ಒಂದು ಮಸುಕು ಚಿತ್ರವಿದೆ. ಮುಂಬದಿಯಲ್ಲಿ 'ಮುಖ್ಯಮಂತ್ರಿ' ಎಂಬ ಪದ ಬಿಟ್ಟರೆ ಬೇರೆ ಸುಳಿವಿಲ್ಲ. ತಿರುಗಿಸಿ ನೋಡಿದರೆ ಹಿಂದೆ ಅರ್ಧ ಕತ್ತರಿಸಿದ ಟೆಂಡರ್ ಪ್ರಕಟಣೆ, ಅದರ ತಲೆಯ ಮೇಲೆ 'ಮೈಸೂರು ಸರ್ಕಾರ'. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಚಿತ್ರ ಮೊದಲ ಅವಧಿಯದು. ಹೀಗೆ ಹಿಂಬದಿಯ ಜಾಹೀರಾತು, ಪೇಟೆ ಧಾರಣೆ, ಹಬ್ಬದ ಶುಭಾಶಯಗಳನ್ನು ಓದಿ ಮೂವತ್ತರ ಕಾಲವನ್ನು ಗೊತ್ತುಪಡಿಸಿದೆ.

ಹೊಲಿಗೆ, ರಟ್ಟು, ಬಟ್ಟೆಗೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಗಿರಾಕಿಯ ಮಾತು ಕೇಳಿಸಿಕೊಳ್ಳುವುದಕ್ಕೆ ಎರಡು. ಹಳೆಯ ಪುಸ್ತಕಗಳನ್ನು ಅಲ್ಲಿಗೆ ಧಾರಾಳವಾಗಿ ಒಯ್ಯಬಹುದು. ಬಿಡಿ ಕಾಗದಗಳನ್ನು ಒಯ್ಯುವವರು ಪ್ರತಿಯೊಂದರ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಅನುಕ್ರಮ ಸಂಖ್ಯೆ ಬರೆದು, ಕಟಿಂಗ್ ಮಷಿನ್ನಿಗೆ ಕೊಡಬಾರದೆಂದು ರಸೀದಿಯ ಮೇಲೆಯೇ ಬರೆಯಿಸಿಕೊಳ್ಳಬೇಕು. ಕಾಲ ಗೊತ್ತಾಗದೆ ಉಳಿದ ಹದಿಮೂರು ತುಣುಕುಗಳಿಗಾಗಿ ಆ ಹಿರಿಯ ಕೆಲಸಗಾರರು, ಮಿಕ್ಕಿದ್ದ ಕ್ಯಾಲಿಕೊ ಬಟ್ಟೆಯಿಂದ ಎರಡನೆಯ ಸಂಪುಟದ ಹಿಂದಿನ ರಟ್ಟಿನ ಒಳಗೆ ಒಂದು ಜೇಬು ಹಚ್ಚಿಕೊಟ್ಟರು.